ಒಳಗಿದ್ದವರಿಗೆ ಹೊರಗೊಬ್ಬರು

2015ರ ಜುಲೈ 10ರಂದು ಟೆಕ್ಸಾಸ್ ರಾಜ್ಯದ ವಾಲರ್ ಕೌಂಟಿಯಲ್ಲಿ ಪೊಲೀಸನೊಬ್ಬ ಒಂದು ಕಾರನ್ನು ತಡೆದ. ಲೇನ್ ಬದಲಿಸುವಾಗ ಇಂಡಿಕೇಟರ್ ಹಾಕಲಿಲ್ಲ ಎಂಬುದು ಕಾರಣ. ಓಡಿಸುತ್ತಿದ್ದವರು ಸ್ಯಾಂಡ್ರಾ ಬ್ಲ್ಯಾಂಡ್, ಹೊಸ ಕೆಲಸಕ್ಕೆಂದು ಇಲಿನಾಯ್‌ನಿಂದ ಬಂದಿದ್ದ 28 ವರ್ಷದ ಕಪ್ಪು ಮಹಿಳೆ. ಮಾತಿಗೆ ಮಾತು ಬೆಳೆದು ಕೈಕೋಳ ಬಿತ್ತು. ಜಾಮೀನು 5,000 ಡಾಲರ್ ಎಂದಾಯಿತು. ಅದರ ಹತ್ತನೇ ಒಂದು ಪಾಲು, ಅಂದರೆ 500 ಡಾಲರ್ ಕೈಸೇರಿದ್ದರೆ ಆಕೆ ಹೊರಬರಬಹುದಿತ್ತು. ಜೈಲಿನಿಂದ ಫೋನ್ ಮಾಡಿದರು, ಪರಿಚಿತರೊಬ್ಬರ ಫೋನಿನಲ್ಲಿ ಸಂದೇಶ ಬಿಟ್ಟರು. ದೂರದಲ್ಲಿದ್ದ ಮನೆಯವರು ಹಣ ಹೊಂದಿಸುವ ಓಡಾಟದಲ್ಲಿದ್ದರು. ಜುಲೈ 13ರ ಸೋಮವಾರ ಬೆಳಿಗ್ಗೆ ಆಕೆ ಜೈಲಿನ ಕೋಣೆಯಲ್ಲಿ ಶವವಾಗಿ ಸಿಕ್ಕರು. ಆತ್ಮಹತ್ಯೆ ಎಂದು ಅಧಿಕಾರಿಗಳು ಹೇಳಿದರು. ಹಿಂದೊಮ್ಮೆ ಜೀವ ಕಳೆದುಕೊಳ್ಳಲು ಯತ್ನಿಸಿದ್ದ ಸಂಗತಿ ದಾಖಲಾತಿಯ ಕಾಗದದಲ್ಲೇ ಇತ್ತು. ಆದರೂ ಸಿಬ್ಬಂದಿ ನಿಯಮದ ಪ್ರಕಾರ ಆಗಾಗ ಹೋಗಿ ನೋಡಿರಲಿಲ್ಲ ಎಂದು ರಾಜ್ಯದ ಜೈಲು ಆಯೋಗವೇ ಎತ್ತಿ ತೋರಿಸಿತು. 2017ರಲ್ಲಿ ಟೆಕ್ಸಾಸ್ ಆಕೆಯ ಹೆಸರಿನಲ್ಲಿ ಕಾನೂನು ತಂದಿತು.

ಅಮೆರಿಕದ ಸೆರೆಮನೆ ಎಂದರೆ ನಮ್ಮ ಕಣ್ಣಿಗೆ ಬರುವುದು ಸಿನಿಮಾದಲ್ಲಿ ಕಂಡ ದೊಡ್ಡ ಗೋಡೆ, ಹತ್ತಿಪ್ಪತ್ತು ವರ್ಷದ ಶಿಕ್ಷೆ. ಆದರೆ ಹೆಚ್ಚು ಜನ ಹೋಗಿ ಬರುವುದು ಕೌಂಟಿ ಜೈಲಿಗೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಇಡೀ ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಇವೆ. ಬಹುತೇಕ ಕಡೆ ಜೈಲು ನಡೆಸುವವರು ಜನರೇ ಮತ ಹಾಕಿ ಆರಿಸಿದ ಷೆರಿಫ್. ದೀರ್ಘ ಶಿಕ್ಷೆ ಆದವರನ್ನು ರಾಜ್ಯದ ಅಥವಾ ಕೇಂದ್ರದ ಕಾರಾಗೃಹಕ್ಕೆ ಕಳುಹಿಸುತ್ತಾರೆ. ಕೌಂಟಿ ಜೈಲಿನಲ್ಲಿ ಉಳಿಯುವವರು ವಿಚಾರಣೆಗೆ ಕಾಯುತ್ತಿರುವವರು ಮತ್ತು ಸಾಮಾನ್ಯವಾಗಿ ಒಂದು ವರ್ಷದೊಳಗಿನ ಶಿಕ್ಷೆಯವರು. ಅಲ್ಲಿನ ನ್ಯಾಯಾಂಗ ಇಲಾಖೆಯ ಅಂಕಿಅಂಶದ ಪ್ರಕಾರ 2022ರ ನಡುವಿನಲ್ಲಿ ಇಂಥ ಜೈಲುಗಳಲ್ಲಿ ಸುಮಾರು 6.6 ಲಕ್ಷ ಜನರಿದ್ದರು. ಅವರಲ್ಲಿ ನೂರಕ್ಕೆ 70 ಮಂದಿಯ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ಒಂದೇ ವರ್ಷದಲ್ಲಿ 70 ಲಕ್ಷಕ್ಕೂ ಹೆಚ್ಚು ಸಲ ಯಾರಾದರೊಬ್ಬರು ಒಳಗೆ ಹೋಗಿದ್ದರು. ಸರಾಸರಿ ವಾಸ ಸುಮಾರು ಒಂದು ತಿಂಗಳು. ಭಾರತದ ಸೆರೆಮನೆಗಳಲ್ಲೂ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಈ ವಿಷಯದಲ್ಲಿ ನಾವು ಅವರಿಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ.

ಹೀಗಿದ್ದೂ ಇದು ನಮಗೆ ಗೊತ್ತಿರಬೇಕಾದ ವಿಷಯ, ಏಕೆಂದರೆ ನಮ್ಮ ಮಕ್ಕಳು, ಅಕ್ಕತಂಗಿಯರು, ಗೆಳೆಯರು ಅಲ್ಲಿದ್ದಾರೆ. ಕುಪರ್ಟಿನೊದಲ್ಲಿರುವವರು ಸಾಂಟಾ ಕ್ಲಾರಾ ಕೌಂಟಿಯವರು, ಎಡಿಸನ್‌ನವರು ಮಿಡಲ್‌ಸೆಕ್ಸ್ ಕೌಂಟಿಯವರು, ಪ್ಲೇನೊದವರು ಕಾಲಿನ್ ಕೌಂಟಿಯವರು. ಭಾರತೀಯ ಕುಟುಂಬಗಳ ಬಡಾವಣೆಗಳಿರುವ ಕ್ಯಾಲಿಫೋರ್ನಿಯಾದ ಡಬ್ಲಿನ್ ಊರಿನಲ್ಲೇ ಅಲಮೇಡಾ ಕೌಂಟಿಯ ಸಾಂಟಾ ರೀಟಾ ಜೈಲೂ ಇದೆ. ಕುಡಿದು ಕಾರು ಓಡಿಸಿದ್ದು, ಗಂಡಹೆಂಡಿರ ಜಗಳದ ಸದ್ದಿಗೆ ಪಕ್ಕದ ಮನೆಯವರು ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿದ್ದು, ಅಂಗಡಿಯಲ್ಲಿ ಬಿಲ್ ಆಗದ ಸಾಮಾನು ಚೀಲದಲ್ಲಿ ಸಿಕ್ಕಿದ್ದು. ಇಷ್ಟು ಸಾಕು ಒಂದು ರಾತ್ರಿ ಒಳಗೆ ಕಳೆಯಲು. ತಪ್ಪು ಮಾಡಿದ್ದಾರೋ ಇಲ್ಲವೋ ಎಂಬುದನ್ನು ಕೋರ್ಟು ನೋಡಿಕೊಳ್ಳುತ್ತದೆ. ಹೊರಗಿರುವವರು ನೋಡಿಕೊಳ್ಳಬೇಕಾದದ್ದು ಬೇರೆಯೇ ಇದೆ.

ಮೊದಲ ಮೂರು ದಿನ

ಮೊದಲ ಕೆಲಸ ಆ ವ್ಯಕ್ತಿ ಎಲ್ಲಿದ್ದಾರೆಂದು ಪತ್ತೆ ಮಾಡುವುದು. ಹಿಡಿದದ್ದು ನಗರದ ಪೊಲೀಸರಾದರೂ ತಂದು ಇಡುವುದು ಸಾಮಾನ್ಯವಾಗಿ ಕೌಂಟಿ ಜೈಲಿನಲ್ಲಿ. ಷೆರಿಫ್ ಕಚೇರಿಯ ಜಾಲತಾಣದಲ್ಲಿ ಹೆಸರು, ಹುಟ್ಟಿದ ದಿನಾಂಕ ಹಾಕಿದರೆ ಬುಕಿಂಗ್ ನಂಬರ್ ಸಿಗುತ್ತದೆ. ಮುಂದೆ ಫೋನು, ಹಣ, ಪತ್ರ, ಭೇಟಿ ಎಲ್ಲಕ್ಕೂ ಅದೇ ನಂಬರ್ ಬೇಕು. ಇಲ್ಲಿ ನಮ್ಮವರಿಗೆ ಎದುರಾಗುವ ತೊಡಕು ಹೆಸರಿನದು. ಕೆಲವರ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರು ಅಪ್ಪನದು, ಕೆಲವರಿಗೆ ಊರಿನದು, ಕೆಲವರಿಗೆ ಕೊನೆಯ ಹೆಸರೇ ಇಲ್ಲ. ಒಂದು ಕ್ರಮದಲ್ಲಿ ಸಿಗದಿದ್ದರೆ ಹೆಸರನ್ನು ಹಿಂದುಮುಂದು ಮಾಡಿ ಹುಡುಕಬೇಕು. ಬಂಧನವಾಗಿ ಕೆಲವು ಗಂಟೆ ಕಳೆಯುವವರೆಗೆ ಹೆಸರು ಪಟ್ಟಿಗೆ ಬರದೆಯೂ ಇರಬಹುದು. ಆಗ ಜೈಲಿಗೇ ಫೋನ್ ಮಾಡಿ ಕೇಳುವುದು ವಾಸಿ.

ಒಳಗೆ ಹೋದವರ ಮೊಬೈಲು ಬಾಗಿಲಲ್ಲೇ ಹೋಗಿರುತ್ತದೆ. ಅದರ ಜೊತೆಗೆ ಎಲ್ಲರ ನಂಬರುಗಳೂ ಹೋದವು. ಕ್ಯಾಲಿಫೋರ್ನಿಯಾದ ಕಾನೂನು ಬಂಧಿತರಿಗೆ ಮೂರು ಗಂಟೆಯೊಳಗೆ ಕನಿಷ್ಠ ಮೂರು ಫೋನ್ ಕರೆಗೆ ಅವಕಾಶ ಕೊಡುತ್ತದೆ; ಚಿಕ್ಕ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದವರಿಗೆ ಅವರ ವ್ಯವಸ್ಥೆ ಮಾಡಲು ಇನ್ನೂ ಎರಡು. ಆದರೆ ಒಂದು ನಂಬರಾದರೂ ಬಾಯಿಪಾಠ ಇದ್ದರೆ ತಾನೇ ಆ ಹಕ್ಕಿನಿಂದ ಉಪಯೋಗ? ಅಮೆರಿಕಕ್ಕೆ ಹೊರಟ ಮಗನಿಗೋ ಮಗಳಿಗೋ ಉಪ್ಪಿನಕಾಯಿ ಕಟ್ಟಿಕೊಡುವಾಗಲೇ ಅಲ್ಲಿರುವ ಒಬ್ಬ ನೆಂಟರ ಅಥವಾ ಗೆಳೆಯರ ನಂಬರನ್ನು ಬಾಯಿಪಾಠ ಮಾಡಿಸುವುದು ಒಳ್ಳೆಯದು.

ಎರಡನೆಯದು ಔಷಧ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂರ್ಛೆ, ಖಿನ್ನತೆ ಇರುವವರಿಗೆ ಎರಡು ದಿನ ಮಾತ್ರೆ ತಪ್ಪಿದರೂ ಕಷ್ಟ. ಮನೆಯಿಂದ ಮಾತ್ರೆ ಒಯ್ದು ಕೊಟ್ಟರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಜೈಲಿನ ವೈದ್ಯಕೀಯ ವಿಭಾಗಕ್ಕೆ ಫೋನ್ ಮಾಡಿ ಔಷಧದ ಹೆಸರು, ಪ್ರಮಾಣ, ಬರೆದುಕೊಟ್ಟ ವೈದ್ಯರ ವಿವರ ಹೇಳಬೇಕು. ಆಮೇಲೆ ಅದನ್ನೇ ಬರಹದಲ್ಲೂ ಕಳುಹಿಸಬೇಕು. ಸೆರೆಯಲ್ಲಿರುವವರ ಗಂಭೀರ ಕಾಯಿಲೆಯನ್ನು ಗೊತ್ತಿದ್ದೂ ಕಡೆಗಣಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ. ‘ಗೊತ್ತಿದ್ದೂ’ ಎಂಬಲ್ಲಿ ಇಡೀ ತೀರ್ಪು ನಿಂತಿದೆ. ಹಾಗಾಗಿ ಅವರಿಗೆ ಗೊತ್ತು ಮಾಡಿಸುವುದು, ಮಾಡಿಸಿದ್ದಕ್ಕೆ ದಾಖಲೆ ಇಟ್ಟುಕೊಳ್ಳುವುದು ಹೊರಗಿನವರ ಕೆಲಸ. ಯಾರ ಜೊತೆ ಮಾತಾಡಿದಿರಿ, ಎಷ್ಟು ಗಂಟೆಗೆ, ಅವರು ಏನೆಂದರು ಎಂಬುದನ್ನು ಬರೆದಿಡಿ. ವ್ಯಕ್ತಿ ಜೀವದ ಬಗ್ಗೆ ಹತಾಶೆಯ ಮಾತಾಡಿದ್ದರೆ ಅದನ್ನು ಮುಚ್ಚಿಡದೆ ಆ ಪಾಳಿಯ ಮೇಲಧಿಕಾರಿಗೆ ಹೇಳಲೇಬೇಕು. ಕೌಂಟಿ ಜೈಲುಗಳಲ್ಲಿ ಆಗುವ ಸಾವುಗಳಿಗೆ ವರ್ಷಾನುಗಟ್ಟಲೆ ಮೊದಲ ಕಾರಣವಾಗಿ ನಿಂತಿರುವುದು ಆತ್ಮಹತ್ಯೆ, ಅದರಲ್ಲೂ ಮೊದಲ ಕೆಲವು ದಿನಗಳು ಅಪಾಯದವು.

ಮೂರನೆಯದು ಜಾಮೀನು. ಬಹುಪಾಲು ರಾಜ್ಯಗಳಲ್ಲಿ ಎರಡು ದಾರಿಗಳಿವೆ. ಪೂರ್ತಿ ಮೊತ್ತವನ್ನು ಕೋರ್ಟಿಗೆ ಕಟ್ಟಿದರೆ, ಆರೋಪಿ ಎಲ್ಲ ವಾಯಿದೆಗೂ ಹಾಜರಾದಲ್ಲಿ, ಕೊನೆಗೆ ಅದು ವಾಪಸ್ಸು ಬರುತ್ತದೆ. ಅಷ್ಟು ಹಣ ಇಲ್ಲದವರು ಬೇಲ್ ಬಾಂಡ್ ಏಜೆಂಟರ ಬಳಿ ಹೋಗುತ್ತಾರೆ. ಅವರಿಗೆ ಕೊಡುವ ಸುಮಾರು ಶೇ 10ರಷ್ಟು ಹಣ ಅವರ ಶುಲ್ಕ. ಮೊಕದ್ದಮೆ ಮರುದಿನವೇ ಬಿದ್ದುಹೋದರೂ ಅದು ಮರಳಿ ಬರುವುದಿಲ್ಲ. ಎಲ್ಲ ಕಡೆ ಹೀಗಿಲ್ಲ. ಕೆಂಟಕಿ ರಾಜ್ಯ 1976ರಲ್ಲೇ ಈ ವ್ಯಾಪಾರವನ್ನು ನಿಷೇಧಿಸಿತು. ನ್ಯೂಜೆರ್ಸಿಯಲ್ಲಿ 2017ರಿಂದ ನಗದು ಜಾಮೀನು ಹೆಚ್ಚುಕಡಿಮೆ ಇಲ್ಲವಾಗಿದೆ. ಇಲಿನಾಯ್ 2023ರ ಸೆಪ್ಟೆಂಬರ್‌ನಲ್ಲಿ ಅದನ್ನು ಪೂರ್ತಿ ಕೈಬಿಟ್ಟಿತು. ಆದ್ದರಿಂದ ಹಣ ಹೊಂದಿಸಲು ಓಡುವ ಮೊದಲು ವಕೀಲರನ್ನು ಕೇಳಿ, ಅಲ್ಲಿನ ಕಾನೂನು ಏನು ಎಂದು ತಿಳಿದುಕೊಳ್ಳಿ. ವಕೀಲರನ್ನು ಹಿಡಿಯುವ ಶಕ್ತಿ ಇಲ್ಲದವರಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು ಎಂಬ ತೀರ್ಪು 1963ರಿಂದಲೂ ಇದೆ. ಆ ಪಬ್ಲಿಕ್ ಡಿಫೆಂಡರ್‌ಗಳನ್ನು ‘ಸರ್ಕಾರಿ ವಕೀಲ’ ಎಂದು ತಾತ್ಸಾರ ಮಾಡಬೇಕಿಲ್ಲ. ಕೆಲಸದ ಹೊರೆ ಹೆಚ್ಚಿದ್ದರೂ ಆ ಕೋರ್ಟಿನ ಒಳಹೊರಗು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಓಡುವ ಮೀಟರು

ಜೈಲಿಗೆ ನೀವು ಫೋನ್ ಮಾಡಿ ಅವರೊಡನೆ ಮಾತಾಡುವ ಹಾಗಿಲ್ಲ, ಅವರೇ ಮಾಡಬೇಕು. ಕರೆ ಎತ್ತಿದಾಗ ಮೊದಲು ಕೇಳುವುದು ಯಂತ್ರದ ದನಿ: ಇದು ಇಂಥ ಜೈಲಿನಿಂದ ಬಂದ ಕರೆ, ಇದನ್ನು ದಾಖಲಿಸಲಾಗುತ್ತದೆ, ಒಪ್ಪಿಗೆ ಇದ್ದರೆ ಈ ಅಂಕಿ ಒತ್ತಿ. ಪರಿಚಯವಿಲ್ಲದ ನಂಬರೆಂದು ಕರೆಯನ್ನು ಕತ್ತರಿಸಿದರೆ ಒಳಗಿದ್ದವರ ಸರದಿ ಅಲ್ಲಿಗೇ ಮುಗಿಯಿತು. ಮೊದಲೇ ದುಡ್ಡು ತುಂಬಿದ ಖಾತೆ ತೆರೆದಿದ್ದರೆ ಮೊಬೈಲಿಗೆ ಕರೆ ಬರುತ್ತದೆ. ಸಾಮಾನ್ಯವಾಗಿ ಹದಿನೈದೋ ಇಪ್ಪತ್ತೋ ನಿಮಿಷಕ್ಕೆ ತಾನೇ ಕಡಿದುಹೋಗುತ್ತದೆ. ಕಾನ್ಫರೆನ್ಸ್ ಹಾಕಿ ಊರಿನ ಅಪ್ಪ ಅಮ್ಮನನ್ನು ಸೇರಿಸಿಕೊಳ್ಳುವುದು ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಆ ನಂಬರನ್ನೇ ತಡೆಯಬಹುದು. ಹಲವು ಜೈಲುಗಳಲ್ಲಿ ವಿದೇಶಕ್ಕೆ ಕರೆ ಮಾಡುವ ಸೌಲಭ್ಯವೇ ಇರುವುದಿಲ್ಲ. ಹೀಗಾಗಿ ದಾವಣಗೆರೆಯಲ್ಲೋ ಶಿರಸಿಯಲ್ಲೋ ಕುಳಿತ ತಂದೆತಾಯಿಗೆ ಅಮೆರಿಕದಲ್ಲೇ ಇರುವ ಒಬ್ಬರು ಕೊಂಡಿಯಾಗಬೇಕು. ಒಬ್ಬರೇ ಆದರೆ ಲೇಸು. ಆರು ಜನ ಆರು ಮಾತು ಮುಟ್ಟಿಸಿದರೆ ಒಳಗಿದ್ದವರ ಗಾಬರಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಎಸ್‌ಟಿಡಿ ಬೂತಿನಲ್ಲಿ ಕೆಂಪು ಅಂಕಿಗಳು ಓಡುವುದನ್ನು ನೋಡುತ್ತಾ ಮಾತನ್ನು ನುಂಗಿಕೊಂಡ ನೆನಪು ನಮ್ಮ ತಲೆಮಾರಿಗಿದೆ. ಅಲ್ಲಿನ ಕೈದಿಗಳ ಮನೆಯವರಿಗೆ ಅದು ಇಂದಿಗೂ ನಿತ್ಯದ ಅನುಭವ. ಜೈಲಿನ ಫೋನು ಕೆಲವೇ ಖಾಸಗಿ ಕಂಪನಿಗಳ ಕೈಯಲ್ಲಿದೆ. ಸೆಕ್ಯೂರಸ್ ಮತ್ತು ಹಿಂದೆ ಗ್ಲೋಬಲ್ ಟೆಲ್ ಲಿಂಕ್ ಎಂದಿದ್ದ ವಯಾಪಾತ್ ಅವುಗಳಲ್ಲಿ ದೊಡ್ಡವು. ಗುತ್ತಿಗೆ ಸಿಗಲು ಇಂಥ ಕಂಪನಿಗಳು ವರಮಾನದ ಒಂದು ಪಾಲನ್ನು ಕೌಂಟಿಗೇ ಕೊಡುವ ರೂಢಿ ಬೆಳೆಯಿತು. ದರ ಹೆಚ್ಚಿದಷ್ಟೂ ಕೊಡುವವರಿಗೂ ಪಡೆಯುವವರಿಗೂ ಲಾಭ. ಮಾತಾಡುವ ಕುಟುಂಬಕ್ಕೆ ಬೇರೆ ಕಂಪನಿ ಆರಿಸಿಕೊಳ್ಳುವ ಅವಕಾಶವಿಲ್ಲ.

ಇದನ್ನು ಪ್ರಶ್ನಿಸಿದವರು ವಾಷಿಂಗ್ಟನ್ ನಗರದ ಒಬ್ಬ ಅಜ್ಜಿ, ಮಾರ್ಥಾ ರೈಟ್. ಕಣ್ಣು ಕಾಣದ ಆಕೆಗೆ ಸೆರೆಯಲ್ಲಿದ್ದ ಮೊಮ್ಮಗನಿಗೆ ಪತ್ರ ಬರೆಯುವುದಾಗಲೀ ಅವನ ಪತ್ರ ಓದುವುದಾಗಲೀ ಆಗುತ್ತಿರಲಿಲ್ಲ. ಫೋನ್ ಒಂದೇ ದಾರಿ. 2000ದಲ್ಲಿ ಮೊಕದ್ದಮೆ ಹೂಡಿದರು. 2003ರಲ್ಲಿ ಅದು ಅಮೆರಿಕದ ದೂರಸಂಪರ್ಕ ಆಯೋಗದ ಮುಂದೆ ಅರ್ಜಿಯಾಗಿ ಬಂತು. ಆಯೋಗ ಅಂತರರಾಜ್ಯ ಕರೆಗಳ ದರಕ್ಕೆ ಮಿತಿ ಹಾಕಿದ್ದು ಹತ್ತು ವರ್ಷದ ನಂತರ, 2013ರಲ್ಲಿ. ರಾಜ್ಯದೊಳಗಿನ ಕರೆಗಳಿಗೂ ಮಿತಿ ಹಾಕಲು ಹೊರಟಾಗ ಆ ಅಧಿಕಾರ ನಿಮಗಿಲ್ಲ ಎಂದು 2017ರಲ್ಲಿ ಕೋರ್ಟು ತಡೆಯಿತು. ಕೌಂಟಿ ಜೈಲಿನ ಹೆಚ್ಚಿನ ಕರೆಗಳು ರಾಜ್ಯದೊಳಗೇ ಹೋಗುವಂಥವು ಎಂಬುದನ್ನು ನೆನೆದರೆ ಆ ಪೆಟ್ಟು ಎಂಥದೆಂದು ಅರಿವಾಗುತ್ತದೆ. ಮಾರ್ಥಾ ರೈಟ್ 2015ರಲ್ಲೇ ತೀರಿಕೊಂಡಿದ್ದರು. ಆಕೆಯ ಹೆಸರು ಹೊತ್ತ ಕಾಯ್ದೆಗೆ ಅಧ್ಯಕ್ಷ ಬೈಡನ್ 2023ರ ಜನವರಿಯಲ್ಲಿ ಸಹಿ ಹಾಕಿದರು. ಆಯೋಗಕ್ಕೆ ಆ ಅಧಿಕಾರ ಸಿಕ್ಕಿತು. 2024ರ ಜುಲೈನಲ್ಲಿ ಆಯೋಗ ದೊಡ್ಡ ಜೈಲುಗಳಿಗೆ ನಿಮಿಷಕ್ಕೆ 6 ಸೆಂಟ್, ತೀರ ಸಣ್ಣವಕ್ಕೆ 12 ಸೆಂಟ್ ಎಂದು ಮಿತಿ ಗೊತ್ತು ಮಾಡಿತು. ದೊಡ್ಡ ಜೈಲಿನಿಂದ ಮಾಡುವ ಹದಿನೈದು ನಿಮಿಷದ ಕರೆಗೆ 11 ಡಾಲರ್‌ವರೆಗೂ ತೆರುತ್ತಿದ್ದವರಿಗೆ ಇನ್ನು 90 ಸೆಂಟ್ ಸಾಕು ಎಂಬ ಲೆಕ್ಕ. ಆದರೆ ಅದು ಎಲ್ಲ ಕಡೆ ಜಾರಿಗೆ ಬರುವ ಮುನ್ನವೇ, 2025ರ ಜೂನ್‌ನಲ್ಲಿ, ಅದೇ ಆಯೋಗ ಗಡುವನ್ನು 2027ಕ್ಕೆ ತಳ್ಳಿತು. ಅಕ್ಟೋಬರ್‌ನಲ್ಲಿ ಮಿತಿಯನ್ನೇ ಮೇಲಕ್ಕೆತ್ತಿತು. ಇದರ ನಡುವೆ ಕೆಲವು ಊರುಗಳು ತಾವೇ ದಾರಿ ಕಂಡುಕೊಂಡಿವೆ. ನ್ಯೂಯಾರ್ಕ್ ನಗರದ ಜೈಲುಗಳಲ್ಲಿ 2019ರಿಂದ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2020ರಿಂದ, ಲಾಸ್ ಏಂಜಲೀಸ್ ಕೌಂಟಿಯಲ್ಲಿ 2023ರ ಡಿಸೆಂಬರ್‌ನಿಂದ ಕರೆ ಉಚಿತ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕೌಂಟಿ ಜೈಲುಗಳೂ ಸೇರಿ ಎಲ್ಲ ಕಡೆ ಉಚಿತ. ನಿಮ್ಮವರಿರುವ ಜೈಲಿನ ದರ ಎಷ್ಟೆಂದು ಷೆರಿಫ್‌ ಜಾಲತಾಣದಲ್ಲಿ ನೋಡಿಯೇ ಖಾತೆಗೆ ಹಣ ಹಾಕಿ.

ಫೋನಿನಲ್ಲಿ ಏನು ಮಾತಾಡಬೇಕು ಎಂಬುದಕ್ಕಿಂತ ಏನು ಆಡಬಾರದು ಎಂಬುದು ಮುಖ್ಯ. ಅಂದು ರಾತ್ರಿ ಏನಾಯಿತು, ಯಾರು ಮೊದಲು ಕೈ ಎತ್ತಿದರು, ಎಷ್ಟು ಕುಡಿದಿದ್ದೆ, ಇವನ್ನು ಕೇಳಲೇಬೇಡಿ. ದಾಖಲಾದ ಕರೆ ಸರ್ಕಾರಿ ಪಕ್ಷದ ವಕೀಲರ ಮೇಜಿಗೆ ಹೋಗುತ್ತದೆ, ಕೋರ್ಟಿನಲ್ಲಿ ಸಾಕ್ಷ್ಯವಾಗುತ್ತದೆ. ಕನ್ನಡದಲ್ಲಿ ಆಡಿದರೆ ಅವರಿಗೇನು ತಿಳಿಯುತ್ತದೆ ಎಂಬ ಧೈರ್ಯ ಬೇಡ, ಅನುವಾದಕರನ್ನು ಕರೆಸುವುದು ಕಷ್ಟದ ಕೆಲಸವಲ್ಲ. ಮೊಕದ್ದಮೆಯ ಮಾತು ವಕೀಲರ ಜೊತೆ ಮಾತ್ರ; ಅವರ ನಂಬರು ಜೈಲಿನಲ್ಲಿ ವಕೀಲರದೆಂದು ನೋಂದಣಿಯಾಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಮನೆಯವರ ಕರೆಯಲ್ಲಿ ಮಗುವಿನ ಶಾಲೆ, ಅಮ್ಮನ ಮಂಡಿನೋವು, ಊರಿನ ಮಳೆ, ಕ್ರಿಕೆಟ್ಟು ಬರಲಿ. ಒಳಗಿದ್ದವರು ಬಯಸುವುದೂ ಸಾಮಾನ್ಯವಾಗಿ ಅದನ್ನೇ.

ಗಂಡಹೆಂಡಿರ ಜಗಳದಲ್ಲಿ ಬಂಧನವಾಗಿದ್ದರೆ ಒಂದು ಎಚ್ಚರಿಕೆ ಎಲ್ಲಕ್ಕಿಂತ ಮೊದಲು. ಪೆಟ್ಟು ತಿಂದವರನ್ನು ಸಂಪರ್ಕಿಸಕೂಡದೆಂದು ಕೋರ್ಟು ಆದೇಶ ಹೊರಡಿಸುವುದು ಅಲ್ಲಿ ಸಾಮಾನ್ಯ. ಆ ಆದೇಶ ಇದ್ದಾಗ ‘ಹೆಂಡತಿಯ ಜೊತೆ ಒಂದು ಮಾತಾಡಿಬಿಡು, ದೂರು ವಾಪಸ್ ತೆಗೆದುಕೊಳ್ಳುತ್ತಾಳೆ’ ಎಂದು ಹಿರಿಯರು ಬುದ್ಧಿ ಹೇಳಿದರೆ ಅದು ಎರಡನೆಯ ಅಪರಾಧಕ್ಕೆ ದಾರಿ. ಆಕೆಯ ಮೇಲೆ ಒತ್ತಡ ಹೇರಿದ ಹಿರಿಯರೂ ಸಿಕ್ಕಿಬೀಳಬಹುದು. ಆಕೆಗೂ ಅದೇ ಹೊತ್ತಿನಲ್ಲಿ ಆಸರೆ ಬೇಕಿರುತ್ತದೆ ಎಂಬುದನ್ನು ಮರೆಯುವ ಕುಟುಂಬ ಎರಡೂ ಕಡೆ ತಪ್ಪುತ್ತದೆ.

ಗಾಜು, ಪರದೆ, ಲಕೋಟೆ

ಭೇಟಿಗೆ ಮೊದಲೇ ಹೆಸರು ನೋಂದಾಯಿಸಬೇಕು, ಸಮಯ ಕಾದಿರಿಸಬೇಕು, ಗುರುತಿನ ಚೀಟಿ ಬೇಕು. ಉಡುಪಿಗೂ ನಿಯಮಗಳಿವೆ. ಹೆಚ್ಚಿನ ಕಡೆ ಗಾಜಿನ ಆಚೆ ಈಚೆ ಕುಳಿತು ಫೋನಿನಲ್ಲಿ ಮಾತಾಡಬೇಕು. ವಿಚಾರಣೆಗೆ ಕಾಯುತ್ತಿರುವವರಿಗೂ ಮನೆಯವರನ್ನು ಮುಟ್ಟಿ ಮಾತಾಡಿಸುವ ಸಂವಿಧಾನದತ್ತ ಹಕ್ಕಿಲ್ಲ ಎಂದು 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಮೊಕದ್ದಮೆ ಬಂದದ್ದು ಲಾಸ್ ಏಂಜಲೀಸ್ ಕೌಂಟಿ ಜೈಲಿನಿಂದ. ಆಮೇಲೆ ಗಾಜಿನ ಜಾಗಕ್ಕೆ ವಿಡಿಯೊ ಪರದೆ ಬಂತು. ವಿಡಿಯೊ ಇದ್ದರೆ ದೂರದವರಿಗೆ ಅನುಕೂಲವೇ. ತಕರಾರು ಏನೆಂದರೆ, ಅದನ್ನು ತಂದ ಎಷ್ಟೋ ಜೈಲುಗಳು ಮುಖಾಮುಖಿ ಭೇಟಿಯನ್ನೇ ನಿಲ್ಲಿಸಿಬಿಟ್ಟವು. ಹಾಗೆ ನಿಲ್ಲಿಸಬೇಕೆಂಬ ಷರತ್ತನ್ನು ಸೆಕ್ಯೂರಸ್ ಕಂಪನಿ ತನ್ನ ಗುತ್ತಿಗೆ ಪತ್ರಗಳಲ್ಲಿ 2015ರವರೆಗೂ ಇಟ್ಟಿತ್ತು. ಜನ ಸಿಟ್ಟಿಗೆದ್ದ ಮೇಲೆ ಕೈಬಿಟ್ಟಿತು. ಅದೇ ವರ್ಷ ಟೆಕ್ಸಾಸ್ ಮುಖಾಮುಖಿ ಭೇಟಿ ಇರಲೇಬೇಕೆಂದು ಕಾನೂನು ಮಾಡಿತು, ಆಗಲೇ ಬದಲಾಯಿಸಿಕೊಂಡಿದ್ದ ಕೆಲವು ಕೌಂಟಿಗಳಿಗೆ ವಿನಾಯಿತಿ ಕೊಟ್ಟು.

ಭೇಟಿಯಿಂದ ಆಗುವ ಲಾಭ ಬರಿಯ ಭಾವನೆಯ ಮಾತಲ್ಲ ಎಂದು ತೋರಿಸಿದ್ದು ಮಿನ್ನೆಸೋಟಾ ರಾಜ್ಯದ ಬಂದೀಖಾನೆ ಇಲಾಖೆ. 2003ರಿಂದ 2007ರ ನಡುವೆ ಬಿಡುಗಡೆಯಾದ 16,420 ಮಂದಿಯ ದಾಖಲೆ ನೋಡಿ 2011ರಲ್ಲಿ ಅದು ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಳಗಿದ್ದಾಗ ಯಾರಾದರೂ ಬಂದು ನೋಡಿದವರು ಮತ್ತೆ ಗಂಭೀರ ಅಪರಾಧದಲ್ಲಿ ಶಿಕ್ಷೆಗೊಳಗಾಗುವ ಸಂಭವ ಶೇ 13ರಷ್ಟು ಕಡಿಮೆ. ಅದು ರಾಜ್ಯದ ಕಾರಾಗೃಹಗಳ ಅಧ್ಯಯನ; ಕೌಂಟಿ ಜೈಲಿಗೆ ಹಾಗೆಯೇ ಹಚ್ಚಲಾಗದು. ಆದರೂ ಯಾರೋ ಬಂದು ನೋಡುತ್ತಾರೆ ಎಂಬುದು ಸಿಬ್ಬಂದಿಗೆ ಗೊತ್ತಿರುವುದಕ್ಕೂ ಯಾರೂ ಇಲ್ಲದ ಅನಾಥ ಎಂದು ಗೊತ್ತಿರುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ತಿಳಿಯಲು ಅಂಕಿಅಂಶ ಬೇಕಿಲ್ಲ.

ಪತ್ರ ಈಗಲೂ ಅಗ್ಗದ, ಉಳಿಯುವ ಸಾಧನ. ಫೋನಿನ ಮಾತು ಹದಿನೈದು ನಿಮಿಷಕ್ಕೆ ಮುಗಿದರೆ, ಕಾಗದವನ್ನು ರಾತ್ರಿ ಮತ್ತೆ ತೆಗೆದು ಓದಬಹುದು. ಆದರೆ ಇಲ್ಲೂ ನಿಯಮ. ಅರಿಜೋನಾದ ಮ್ಯಾರಿಕೋಪಾ ಕೌಂಟಿಯಲ್ಲಿ ಷೆರಿಫ್ ಜೋ ಅರ್ಪಾಯೊ ಪೋಸ್ಟ್‌ಕಾರ್ಡ್ ಬಿಟ್ಟು ಬೇರೇನೂ ಬರಕೂಡದೆಂದು ಮಾಡಿದ ಕಟ್ಟಳೆ ಬೇರೆ ಕೌಂಟಿಗಳಿಗೂ ಹಬ್ಬಿತು. ಆರಿಗನ್‌ನ ಕೊಲಂಬಿಯಾ ಕೌಂಟಿಯಲ್ಲಿ ಇಂಥದೇ ನಿಯಮ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು 2013ರಲ್ಲಿ ಫೆಡರಲ್ ನ್ಯಾಯಾಧೀಶರು ತಳ್ಳಿಹಾಕಿದರು. ಇತ್ತೀಚೆಗೆ ಹಲವು ಕಡೆ ಪತ್ರಗಳನ್ನು ಬೇರೊಂದು ಊರಿನ ಕಂಪನಿಗೆ ತರಿಸಿ, ಸ್ಕ್ಯಾನ್ ಮಾಡಿ, ಪ್ರತಿಯನ್ನಷ್ಟೇ ಟ್ಯಾಬ್ಲೆಟ್‌ನಲ್ಲಿ ತೋರಿಸುತ್ತಾರೆ. ಮಾದಕವಸ್ತು ಸವರಿದ ಕಾಗದ ಒಳಗೆ ಬರುತ್ತದೆ ಎಂಬುದು ಕೊಡುವ ಕಾರಣ. ಆದ್ದರಿಂದ ನಮ್ಮ ಅಮ್ಮಂದಿರಿಗೆ ಒಂದು ಕಿವಿಮಾತು: ಲಕೋಟೆಯಲ್ಲಿ ಕುಂಕುಮ, ವಿಭೂತಿ, ಮಂತ್ರಾಕ್ಷತೆ ಇಡಬೇಡಿ. ಮಂತ್ರಾಲಯದ ಪ್ರಸಾದ ಎಂದು ನಿಮಗೆ ಗೊತ್ತು. ಕೈಗವಸು ಹಾಕಿಕೊಂಡು ಲಕೋಟೆ ಒಡೆಯುವವರಿಗೆ ಅದು ಪರೀಕ್ಷೆಗೆ ಕಳುಹಿಸಬೇಕಾದ ಪುಡಿ. ಕನ್ನಡದಲ್ಲಿ ಬರೆಯಿರಿ, ಆದರೆ ಪರಿಶೀಲಿಸುವವರಿಗೆ ಭಾಷೆ ಬಾರದೆ ತಡವಾಗಬಹುದು. ಮೇಲೆ ಎರಡು ಸಾಲು ಇಂಗ್ಲಿಷ್‌ನಲ್ಲಿ ಪತ್ರದ ಸಾರ ಹೇಳಿದರೆ ಒಳ್ಳೆಯದು. ಪುಸ್ತಕವನ್ನು ಮನೆಯ ಕಪಾಟಿನಿಂದ ತೆಗೆದು ಕಳುಹಿಸಿದರೆ ವಾಪಸ್ಸು ಬರುತ್ತದೆ. ಹೊಸದಾಗಿರಬೇಕು, ರಟ್ಟಿನ ಹೊದಿಕೆ ಇರಬಾರದು, ಪ್ರಕಾಶಕರಿಂದಲೋ ಮಾರಾಟಗಾರರಿಂದಲೋ ನೇರ ಬರಬೇಕು.

ಹಣ ಹಾಕುವುದು ಕಮಿಸರಿ ಎಂಬ ಒಳಗಿನ ಅಂಗಡಿಗಾಗಿ. ಸೋಪು, ಶಾಂಪೂ, ಕಾಫಿಪುಡಿ, ಅಂಚೆಚೀಟಿ, ರಾಮೆನ್ ನೂಡಲ್ಸ್ ಅಲ್ಲಿ ಸಿಗುತ್ತವೆ. ಊಟ ಸಾಲದ ಕಡೆ ರಾಮೆನ್ ಪೊಟ್ಟಣವೇ ಕೈದಿಗಳ ನಡುವೆ ನಾಣ್ಯವಾಗಿ ಓಡಾಡುವುದುಂಟು. ಆನ್‌ಲೈನಿನಲ್ಲಿ ಹಣ ಹಾಕಿದರೆ ಪ್ರತಿ ಸಲವೂ ಶುಲ್ಕ. ಮನಿ ಆರ್ಡರ್ ತೆಗೆದುಕೊಳ್ಳುತ್ತಾರೆಯೇ ಎಂದು ವಿಚಾರಿಸಿದರೆ ಉಳಿತಾಯ. ಒಂದೇ ಸಲ ದೊಡ್ಡ ಮೊತ್ತ ಬೇಡ, ಖಾತೆ ತುಂಬಿದವರ ಮೇಲೆ ಒಳಗೆ ಕಣ್ಣು ಬೀಳುತ್ತದೆ. ಸಸ್ಯಾಹಾರಿಗಳು ಧರ್ಮದ ಕಾರಣಕ್ಕೆ ಬೇರೆ ಊಟ ಬೇಕೆಂದು ಲಿಖಿತವಾಗಿ ಕೇಳಬಹುದು. ಬಂದಿಗಳ ಧಾರ್ಮಿಕ ಆಚರಣೆಗೆ ರಕ್ಷಣೆ ಕೊಡುವ ಕಾಯ್ದೆ 2000ದಿಂದ ಇದೆ. ಅದನ್ನು ಜೈಲಿನ ಚಾಪ್ಲೇನ್, ಅಂದರೆ ಧಾರ್ಮಿಕ ವ್ಯವಹಾರ ನೋಡಿಕೊಳ್ಳುವವರ ಮೂಲಕ ಕೇಳುವುದು ವಾಡಿಕೆ.

ವೀಸಾ ಮೇಲಿರುವವರು

ಅಮೆರಿಕದ ಪೌರರಲ್ಲದವರಿಗೆ ಇನ್ನೊಂದು ಬಾಗಿಲು ಕಾದಿರುತ್ತದೆ. ಜೈಲಿನಲ್ಲಿ ತೆಗೆದ ಬೆರಳಚ್ಚು ವಲಸೆ ಇಲಾಖೆಗೂ ಹೋಗುತ್ತದೆ. ಬಿಡುಗಡೆ ಹೊತ್ತಿಗೆ ಈ ವ್ಯಕ್ತಿಯನ್ನು ಇನ್ನೂ 48 ಗಂಟೆ ಇಟ್ಟುಕೊಳ್ಳಿ ಎಂದು ಆ ಇಲಾಖೆ ಕೋರಬಹುದು. ಕ್ಯಾಲಿಫೋರ್ನಿಯಾದ ಕಾನೂನು ಷೆರಿಫ್‌ಗಳು ಇದಕ್ಕೆ ಸಹಕರಿಸುವುದನ್ನು ಮಿತಿಗೊಳಿಸಿದರೆ, ಟೆಕ್ಸಾಸ್‌ನ ಕಾನೂನು ಸಹಕರಿಸಲೇಬೇಕು ಎನ್ನುತ್ತದೆ. ಹೀಗಾಗಿ ಜಾಮೀನು ಕಟ್ಟುವ ಮೊದಲು, ‘ತಪ್ಪೊಪ್ಪಿಕೊಂಡರೆ ಇವತ್ತೇ ಮನೆಗೆ’ ಎಂಬ ಒಪ್ಪಂದಕ್ಕೆ ತಲೆಯಾಡಿಸುವ ಮೊದಲು, ವಲಸೆ ಕಾನೂನು ಬಲ್ಲ ವಕೀಲರ ಮಾತು ಕೇಳಬೇಕು. ಸಣ್ಣ ದಂಡದಲ್ಲಿ ಮುಗಿದಂತೆ ಕಂಡ ಪ್ರಕರಣ ಗಡೀಪಾರಿಗೆ ಕಾರಣವಾಗಬಹುದು. ಆ ಅಪಾಯವನ್ನು ಕಕ್ಷಿದಾರರಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ.

1963ರ ವಿಯೆನ್ನಾ ಒಪ್ಪಂದದಂತೆ ಬಂಧಿತ ವಿದೇಶಿಯರಿಗೆ ತಮ್ಮ ದೇಶದ ಕಾನ್ಸುಲೇಟಿಗೆ ಸುದ್ದಿ ಮುಟ್ಟಿಸುವ ಹಕ್ಕಿದೆ. ಕೆಲವು ದೇಶದವರ ವಿಷಯದಲ್ಲಿ ಪೊಲೀಸರು ಕಡ್ಡಾಯವಾಗಿ ತಿಳಿಸಬೇಕು. ಭಾರತ ಆ ಪಟ್ಟಿಯಲ್ಲಿಲ್ಲ. ನಮ್ಮವರು ಬಾಯಿಬಿಟ್ಟು ಕೇಳಬೇಕು. ಕಾನ್ಸುಲೇಟು ಜಾಮೀನು ಕೊಡಿಸುವುದಿಲ್ಲ, ಕೋರ್ಟಿನಲ್ಲಿ ವಾದಿಸುವುದಿಲ್ಲ. ವಕೀಲರ ಪಟ್ಟಿ ಕೊಡುವುದು, ಹೋಗಿ ನೋಡುವುದು, ಊರಿನವರಿಗೆ ಸುದ್ದಿ ತಲುಪಿಸುವುದು ಅದರಿಂದಾಗುವ ಕೆಲಸ. ಕರ್ನಾಟಕದಲ್ಲಿರುವ ತಂದೆತಾಯಿ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ‘ನಿಮ್ಮ ಮಗ ಅಮೆರಿಕದಲ್ಲಿ ಜೈಲಿನಲ್ಲಿದ್ದಾನೆ, ಈಗಲೇ ಹಣ ಕಳುಹಿಸಿ’ ಎಂಬ ಕರೆ ಬಂದರೆ ಮಾತ್ರ ಒಂದು ಗಳಿಗೆ ತಾಳಿ. ಡಿಜಿಟಲ್ ಅರೆಸ್ಟಿನ ಅಣ್ಣತಮ್ಮಂದಿರು ಅಲ್ಲೂ ಇದ್ದಾರೆ. ಯಾವ ಷೆರಿಫ್ ಕಚೇರಿಯೂ ಗಿಫ್ಟ್ ಕಾರ್ಡಿನಲ್ಲಿ ಜಾಮೀನು ಕೇಳುವುದಿಲ್ಲ. ಆ ಕೌಂಟಿಯ ಜೈಲಿಗೆ ನೀವೇ ಫೋನ್ ಮಾಡಿ ಹೆಸರಿದೆಯೇ ಎಂದು ಕೇಳಿ.

ನಾಲ್ಕು ಜನ

ಇಷ್ಟೆಲ್ಲ ನಿಯಮ ದಾಟಿದ ಮೇಲೂ ನಮ್ಮವರಿಗೆ ಉಳಿಯುವ ದೊಡ್ಡ ಅಡ್ಡಿ ನಾಚಿಕೆ. ಬಂಧನವಾದವರ ಫೋಟೊ ಸಾರ್ವಜನಿಕ ದಾಖಲೆಯಾಗಿ ಹೊರಬೀಳುವ ಊರುಗಳಲ್ಲಿ ಅದು ವಾಟ್ಸ್ಆ್ಯಪ್ ಗುಂಪುಗಳಿಗೆ ಬರಲು ಹೆಚ್ಚು ಹೊತ್ತು ಬೇಡ. ಕನ್ನಡ ಕೂಟದ ಯುಗಾದಿಗೆ ಜೊತೆಯಲ್ಲಿ ಹೋಳಿಗೆ ತಿಂದವರು ಫೋನ್ ಎತ್ತುವುದನ್ನು ನಿಲ್ಲಿಸುತ್ತಾರೆ. ಮನೆಯವರೂ ಬಾಗಿಲು ಹಾಕಿಕೊಳ್ಳುತ್ತಾರೆ. ಮಗುವಿಗೆ ‘ಅಪ್ಪ ಬೆಂಗಳೂರಿಗೆ ಹೋಗಿದ್ದಾರೆ’ ಎಂಬ ಸುಳ್ಳು. ಆ ಸುಳ್ಳು ಶಾಲೆಯ ಬೆಂಚಿನಲ್ಲಿ ಒಡೆದಾಗ ಮಗು ಎರಡು ಪೆಟ್ಟು ತಿನ್ನುತ್ತದೆ. ‘ಸೆಸಮಿ ಸ್ಟ್ರೀಟ್’ ಮಕ್ಕಳ ಕಾರ್ಯಕ್ರಮದವರು 2013ರಲ್ಲಿ, ತಂದೆ ಜೈಲಿನಲ್ಲಿರುವ ಅಲೆಕ್ಸ್ ಎಂಬ ಬೊಂಬೆಯನ್ನು ಸೃಷ್ಟಿಸಿದರು. ವಯಸ್ಸಿಗೆ ತಕ್ಕಷ್ಟು ನಿಜ ಹೇಳಿ, ಇದು ನಿನ್ನ ತಪ್ಪಲ್ಲ ಎನ್ನಿ ಎಂಬುದು ಅದರ ತಿರುಳು. ನೆರೆಯವರು ಮಾಡಬಹುದಾದ ಉಪಕಾರ ದೊಡ್ಡದೇನಲ್ಲ: ಮಗುವನ್ನು ಶಾಲೆಗೆ ಬಿಡುವುದು, ಮನೆ ಬಾಡಿಗೆಯ ದಿನ ನೆನಪಿಸುವುದು, ಪೊಲೀಸರು ಎಳೆದೊಯ್ದ ಕಾರನ್ನು ಬಿಡಿಸಿಕೊಳ್ಳುವುದು, ವಿಚಾರಣೆಯ ದಿನ ಕೋರ್ಟಿನ ಬೆಂಚಿನಲ್ಲಿ ಬಂದು ಕೂರುವುದು. ನಡತೆಯ ಬಗ್ಗೆ ಪತ್ರ ಬರೆಯುವುದಾದರೆ ನ್ಯಾಯಾಧೀಶರಿಗೆ ನೇರ ಕಳುಹಿಸದೆ ವಕೀಲರ ಕೈಗೆ ಕೊಡಬೇಕು.

ಬಿಡುಗಡೆಯ ದಿನಕ್ಕೂ ತಯಾರಿ ಬೇಕು. ಕಾಗದಪತ್ರ ಮುಗಿದ ಹೊತ್ತಿಗೆ ಹೊರಗೆ ಬಿಡುವುದರಿಂದ ಅದು ನಡುರಾತ್ರಿಯೂ ಆಗಬಹುದು. 2018ರ ಜುಲೈನಲ್ಲಿ ಸಾಂಟಾ ರೀಟಾ ಜೈಲಿನಿಂದ ರಾತ್ರಿ ಒಂದೂವರೆಯ ಹೊತ್ತಿಗೆ ಹೊರಬಿದ್ದ 26 ವರ್ಷದ ಮಹಿಳೆಯೊಬ್ಬರು ಬೆಳಗಾಗುವಷ್ಟರಲ್ಲಿ ಹತ್ತಿರದ ರೈಲು ನಿಲ್ದಾಣದ ಬಳಿ ಸತ್ತುಬಿದ್ದಿದ್ದರು. ಕರೆದೊಯ್ಯಲು ಯಾರಾದರೂ ಬಾಗಿಲಲ್ಲಿ ನಿಂತಿರಬೇಕು. ಖಾತೆಯಲ್ಲಿ ಉಳಿದ ಹಣವನ್ನು ಕೆಲವು ಕಡೆ ಡೆಬಿಟ್ ಕಾರ್ಡಿನಲ್ಲಿ ಕೊಡುತ್ತಾರೆ, ಅದಕ್ಕೂ ಶುಲ್ಕ ಹಿಡಿಯುತ್ತಾರೆ. ಇಂಥ ಬಿಡುಗಡೆ ಕಾರ್ಡುಗಳ ಶುಲ್ಕದ ವಿಷಯದಲ್ಲಿ 2021ರಲ್ಲಿ ಗ್ರಾಹಕ ಹಣಕಾಸು ಸಂರಕ್ಷಣಾ ಸಂಸ್ಥೆ ಜೆಪೇ ಕಂಪನಿಗೆ ಒಟ್ಟು 60 ಲಕ್ಷ ಡಾಲರ್ ತೆರುವಂತೆ ಆದೇಶಿಸಿತ್ತು.

ಒಬ್ಬೊಬ್ಬರೂ ತಮ್ಮವರಿಗಾಗಿ ಇಷ್ಟನ್ನು ಮಾಡಬಹುದು. ಆದರೆ ಮೇಲೆ ಹೇಳಿದ ಸುಧಾರಣೆಗಳು ಯಾವುವೂ ಒಬ್ಬೊಬ್ಬರಾಗಿ ಬಾಗಿಲು ಹಾಕಿಕೊಂಡು ಅತ್ತವರಿಂದ ಬಂದದ್ದಲ್ಲ. ಕಣ್ಣು ಕಾಣದ ಅಜ್ಜಿಯೊಬ್ಬರು ತಮ್ಮ ಮೊಮ್ಮಗ ಜೈಲಿನಲ್ಲಿದ್ದಾನೆ ಎಂದು ಬಹಿರಂಗವಾಗಿ ಹೇಳಿಕೊಂಡದ್ದರಿಂದ, ಕುಟುಂಬಗಳು ಕೌಂಟಿ ಸಭೆಗಳಲ್ಲಿ ಮೈಕಿನ ಮುಂದೆ ನಿಂತದ್ದರಿಂದ ಬಂದದ್ದು. ಫೋನಿನ ಗುತ್ತಿಗೆಗೆ ಒಪ್ಪಿಗೆ ಕೊಡುವುದು ಸಾಮಾನ್ಯವಾಗಿ ಆ ಕೌಂಟಿಯ ಚುನಾಯಿತ ಮಂಡಳಿ; ಅದರ ಸಭೆಗೆ ಯಾರು ಬೇಕಾದರೂ ಹೋಗಿ ಮಾತಾಡಬಹುದು. ಷೆರಿಫ್ ಮತ ಕೇಳಿಕೊಂಡು ಬರುವ ಮನುಷ್ಯ. ಅಮೆರಿಕದ ಪೌರತ್ವ ಪಡೆದ ಕನ್ನಡಿಗರು ಅಧ್ಯಕ್ಷರ ಚುನಾವಣೆಯ ಬಗ್ಗೆ ರಾತ್ರಿಯಿಡೀ ವಾದ ಮಾಡಬಲ್ಲರು. ತಮ್ಮ ಕೌಂಟಿಯ ಷೆರಿಫ್ ಯಾರೆಂದು ಕೇಳಿದರೆ ಎಷ್ಟು ಜನ ಥಟ್ಟನೆ ಹೇಳಿಯಾರು? ಮುಂದಿನ ಸಲ ಆ ಹೆಸರು ಮತಪತ್ರದಲ್ಲಿ ಕಂಡಾಗ ಮೂರು ಪ್ರಶ್ನೆ ಕೇಳಿಯೇ ಗುರುತು ಹಾಕಬೇಕು: ನಿಮ್ಮ ಜೈಲಿನಲ್ಲಿ ಫೋನಿಗೆ ನಿಮಿಷಕ್ಕೆ ಎಷ್ಟು? ಮುಖಾಮುಖಿ ಭೇಟಿ ಇದೆಯೇ? ರಾತ್ರಿ ಎಷ್ಟು ಹೊತ್ತಿನಲ್ಲಿ ಜನರನ್ನು ಹೊರಗೆ ಬಿಡುತ್ತೀರಿ?